ಹಲಸಿನ ಮೇಣವೂ ದೊಡ್ಡಪ್ಪನ ಕಾರೂ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ನಾಲ್ಕೂ ತಾಲ್ಲೂಕುಗಳನ್ನು ಜರಡಿ ಹಿಡಿದು ಹುಡುಕಿದರೂ ಇಂಜಿನ್ನಿಗಿಂತ ನೆತ್ತಿಗೇ ಹೆಚ್ಚು ಎಣ್ಣೆ ಹಾಕಿಸಿಕೊಂಡಿರುವ ಕಾರು ಒಂದೇ ಒಂದು ಸಿಕ್ಕೀತು. ಅದು ನಮ್ಮ ದೊಡ್ಡಪ್ಪನದು! ಎಣ್ಣೆ ಎಂದರೆ ಗ್ಯಾರೇಜಿನ ಎಣ್ಣೆಯಲ್ಲ, ಗಾಣದ ಕೊಬ್ಬರಿ ಎಣ್ಣೆ. ನಮ್ಮ ಮನೆಯ ಹೆಣ್ಣುಮಕ್ಕಳ ತಲೆಗೆ ಸಿಗದಷ್ಟು ಎಣ್ಣೆ ಆ ಕಾರಿನ ತಲೆಗೆ ಸಿಕ್ಕಿದೆ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಂಡಿರಾ? ಸ್ವಲ್ಪ ಹೊಟ್ಟೆಕಿಚ್ಚು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಮ್ಮೆಯೇ ಹೆಚ್ಚು.

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ. ಬಿಳಿಕೆರೆಯ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ನಮ್ಮ ಊರಿನಲ್ಲಿ ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕ, ಅಂಗಳ ಒಂದೇ. ಇಬ್ಬರೂ ಹೊಗೆಸೊಪ್ಪು ಬೆಳೆದೇ ಬದುಕು ಕಟ್ಟಿಕೊಂಡವರು. ಅರವತ್ತು ದಾಟಿದ ಮೇಲೆ ದೊಡ್ಡಪ್ಪ ಡ್ರೈವಿಂಗ್ ಕಲಿತು, ಕಡುನೀಲಿ ಬಣ್ಣದ ಹೊಸ ಕಾರನ್ನು ತಾನೇ ಓಡಿಸಿಕೊಂಡು ಊರಿಗೆ ಬಂದ. ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಪಚಕ್ ಅಂದಿತು. ಅಷ್ಟಕ್ಕೆ ಸುಮ್ಮನಿರಬಾರದೇ? ಊರವರೆಲ್ಲ ನಿಂತಿರುವಾಗ ಒಂದು ಮಾತು ಆಡಿಬಿಟ್ಟ.

"ಎಲ್ರೂ ಕೇಳುಸ್ಕಳ್ಳಿ. ನಾನಿರೋಗಂಟ ಈ ಕಾರ್ ಮ್ಯಾಲೆ ಒಂದೇ ಒಂದು ಗೀರು ಬೀಳಾಕಿಲ್ಲ!"

"ಅಂಗಾದ್ರೆ ಪೆಟ್ಟಿಗೇಲಿ ಮಡಗಿ ಬೀಗ ಹಾಕಣ್ಣ. ಓಡಾಡಕ್ಕೆ ಹೆಂಗೂ ಬಸ್ ಅದೆ," ಎಂದ ಅಪ್ಪ.

ಅಂದಿನಿಂದ ಅಪ್ಪನಿಗೊಂದು ಕೆಲಸ ಸಿಕ್ಕಿತು. ಬೆಳಗಾದರೆ ಕಾಫಿ ಲೋಟ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತ ಗೀರು ಹುಡುಕುವುದು. ಅಪ್ಪನ ಲೋಟ ಎಲ್ಲಿ ತಗುಲೀತೋ ಎಂದು ಅವನ ಹಿಂದೆಯೇ ದೊಡ್ಡಪ್ಪನ ಪ್ರದಕ್ಷಿಣೆ. ಗೀರು ಸಿಗದೆ ಅಪ್ಪ ಪೆಚ್ಚುಮೋರೆ ಹಾಕಿಕೊಂಡು ಕಾಫಿ ಮುಗಿಸುತ್ತಿದ್ದ. ದೊಡ್ಡಪ್ಪನಿಗೆ ಆ ದಿನ ಉಪ್ಪಿಟ್ಟು ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ತೊಂದರೆ ಬಂದದ್ದು ನೆರಳಿನಿಂದ. ಬಿಸಿಲಿಗೆ ನಿಲ್ಲಿಸಿದರೆ ಬಣ್ಣ ಮಂಕಾಗುತ್ತದೆ ಎಂದು ಯಾರೋ ದೊಡ್ಡಪ್ಪನ ಕಿವಿಗೆ ಹಾಕಿದ್ದರು. ನಮ್ಮ ಅಂಗಳದಲ್ಲಿ ನೆರಳು ಎಂದರೆ ಒಂದೇ, ಹಲಸಿನ ಮರದ್ದು. ಹಲಸಿನ ಮರ ನೆರಳೊಂದನ್ನೇ ಕೊಡುವುದಿಲ್ಲ, ಮೇಣವನ್ನೂ ಕೊಡುತ್ತದೆ ಎಂಬುದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮರ ತನ್ನ ಕಾರಿಗೆ ಹಾಗೆ ಮಾಡಲಾರದು ಎಂಬ ನಂಬಿಕೆ! ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಖಾಲಿ ಇದೆಯಲ್ಲ, ಅಲ್ಲೇ ನಿಲ್ಲಿಸಬಾರದೇ ಎಂದು ನಾನು ಕೇಳಿದ್ದಕ್ಕೆ ನನ್ನನ್ನೇ ಗದರಿದ.

"ಏನವ್ವ ಇಂಗಂತೀಯ? ಸೀಟ್‌ಗೆಲ್ಲ ಸೊಪ್ಪಿನ ಗಾಟು ಹತ್ಕಂಡ್ರೆ? ನಂಗಿಲ್ದೆ ಇರೋ ಬೀಡಿ ಚಟ ನನ್ ಕಾರಿಗ್ಯಾಕೆ?"

ಕಾಯಿ ಬಲಿತು ಹಣ್ಣಾಗುವ ಕಾಲ ಬಂತು. ಕೋತಿಗಳ ದಂಡು ಬಂತು. ಅದರಲ್ಲಿ ಯಜಮಾನನಂತಿದ್ದ ಒಂದು ಗಡವ ಎಳೆ ಹಲಸಿನಕಾಯಿಯೊಂದನ್ನು ಕಿತ್ತು, ಕಾರಿನ ನೆತ್ತಿಯ ಮೇಲೆ ಕೂತು, ಸಾವಕಾಶವಾಗಿ ಬಗೆದು ತಿಂದು, ಕೊನೆಗೆ ಎರಡೂ ಕೈಗಳನ್ನು ಬಾನೆಟ್ಟಿಗೆ ಒರೆಸಿಕೊಂಡು ಹೋಯಿತು. ದೊಡ್ಡಪ್ಪ ಸಂತೆಯಿಂದ ಬರುವ ಹೊತ್ತಿಗೆ ಕಡುನೀಲಿ ಕಾರಿನ ಮೇಲೆ ಬಿಳೀ ಮೇಣ ಗೆರೆಗೆರೆಯಾಗಿ ಒಣಗಿತ್ತು. ಅಪ್ಪ ಜಗಲಿಯಿಂದಲೇ ಕೂಗಿದ.

"ಅಣ್ಣ, ಬೇಜಾರ್ ಮಾಡ್ಕಬ್ಯಾಡ. ಇದು ಗೀರಲ್ಲ, ವಿಭೂತಿ!"

ಊರಿನ ವೈದ್ಯರೆಲ್ಲ ಸೇರಿದರು. ಬ್ಲೇಡಿನಲ್ಲಿ ಕೆರೆದರೆ ಹಪ್ಪಳದಂತೆ ಏಳುತ್ತದೆ ಎಂದ ಒಬ್ಬ. ಸೀಮೆಎಣ್ಣೆ ಸುರಿಯಿರಿ ಎಂದ ಇನ್ನೊಬ್ಬ. ಬೂದಿಯಲ್ಲಿ ತೆಂಗಿನ ನಾರು ಅದ್ದಿ ತಿಕ್ಕಿದರೆ ಹಿತ್ತಾಳೆ ಚೊಂಬಿನ ಹಾಗೆ ಫಳಫಳ ಹೊಳೆಯುತ್ತದೆ ಎಂದು ಪಕ್ಕದ ಬೀದಿಯ ಅಜ್ಜಿ ನಾರು ಹಿಡಿದುಕೊಂಡೇ ಬಂದಿದ್ದಳು. ದೊಡ್ಡಪ್ಪ ಎರಡೂ ತೋಳು ಚಾಚಿ ಕಾರಿಗೆ ಅಡ್ಡ ನಿಂತ. ಯಾರನ್ನೂ ಹತ್ತಿರ ಬಿಡಲಿಲ್ಲ.

ಮಾರನೆಯ ದಿನ ಹುಣಸೂರಿಗೆ ಹೋಗಿ ವಾಟರ್ ಸರ್ವಿಸ್ ಮಾಡುವ ಕಡೆ ಕಾರು ನಿಲ್ಲಿಸಿದ. ಜೊತೆಗೆ ನಾನೂ ಇದ್ದೆ, ರಜೆಗೆಂದು ತವರಿಗೆ ಬಂದವಳು. ಅಲ್ಲಿಯ ಯಜಮಾನ ನೀರು ಹೊಡೆದು ನೋಡಿ, ಮೇಣ ಜಗ್ಗದಿದ್ದಾಗ, ಪಾತ್ರೆ ತಿಕ್ಕುವ ಕಬ್ಬಿಣದ ಜುಂಗು ಕೈಗೆತ್ತಿಕೊಂಡ. ಅಷ್ಟೇ! ದೊಡ್ಡಪ್ಪ ಒದ್ದೆ ಬಾನೆಟ್ಟಿನ ಮೇಲೆ ಬೋರಲಾಗಿ ಬಿದ್ದ.

"ಮೊದ್ಲು ನನ್ ಬೆನ್ನುಜ್ಜಿ ತೋರ್ಸಿ ಸೋಮಿ! ಚರ್ಮ ಉಳುದ್ರೆ ಆಮ್ಯಾಕೆ ಕಾರ್ ಮುಟ್ರಿ!"

ಸಾಲಿನಲ್ಲಿ ನಿಂತಿದ್ದ ಆಟೋದವರೆಲ್ಲ ಕೇಕೆ ಹಾಕಿ ನಕ್ಕರು. ನಾನು ಆ ಮನುಷ್ಯ ಯಾರೋ ಗೊತ್ತಿಲ್ಲದವಳಂತೆ ರಸ್ತೆಯ ಕಡೆ ಮುಖ ಮಾಡಿ ನಿಂತೆ. ತೊಯ್ದು ತೊಪ್ಪೆಯಾದ ದೊಡ್ಡಪ್ಪ, ಮೇಣ ಮೆತ್ತಿದ ಕಾರು, ನಾಚಿಕೆಯಿಂದ ಕುಗ್ಗಿದ ನಾನು, ಮೂವರೂ ಹೋದ ಹಾಗೆಯೇ ಊರಿಗೆ ವಾಪಸು ಬಂದೆವು.

ಮನೆಯಲ್ಲಿ ದೊಡ್ಡಮ್ಮ ಜಗಲಿಯ ಮೇಲೆ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಕೈಗೆ ಎಣ್ಣೆ, ಕತ್ತಿಗೆ ಎಣ್ಣೆ. ಗಂಡನ ಅವತಾರ ನೋಡಿ, ತೊಳೆ ಬಿಡಿಸುವುದನ್ನು ನಿಲ್ಲಿಸದೆಯೇ ಕೇಳಿದಳು.

"ಉಟ್ಟಿದಾಗಿಂದ ಅಲಸಿನಣ್ಣು ತಿಂತಾನೇ ಇದ್ದೀರಲ್ಲ. ತಿಂದ್ ಮ್ಯಾಲೆ ಕೈಗಂಟಿದ ಮ್ಯಾಣ ಏನಾಕಿ ತೆಗೀತಿದ್ರಿ? ಬ್ಲೇಡಾ?"

ದೊಡ್ಡಪ್ಪ ಎಣ್ಣೆ ಬಟ್ಟಲನ್ನು ದೊಡ್ಡಮ್ಮನ ಮುಂದಿನಿಂದ ಎತ್ತಿಕೊಂಡು ಓಡಿದ. ಅರ್ಧ ಬಿಡಿಸಿದ ಹಣ್ಣಿನ ಮುಂದೆ ಮೇಣದ ಕೈ ಹೊತ್ತು ಕೂತ ದೊಡ್ಡಮ್ಮ ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಲ್ಲಿಂದ ದೊಡ್ಡಪ್ಪನ ವಿದ್ಯೆ ಶುರುವಾಯಿತು ನೋಡಿ. ಕಾರನ್ನು ನೆರಳಿಗೆ ನಿಲ್ಲಿಸಿ ಬಾನೆಟ್ಟು ತಣ್ಣಗಾಗುವ ತನಕ ಕಾಯುವುದು. ಕೈಗಡಿಯಾರ, ಉಂಗುರ, ಉಡಿದಾರದ ಬೀಗದ ಕೈ ಎಲ್ಲ ಬಿಚ್ಚಿಡುವುದು. ಮೊದಲು ನೀರು ಹುಯ್ದು ಧೂಳು ಕಳೆಯುವುದು, ಇಲ್ಲದಿದ್ದರೆ ಧೂಳೇ ಗೀರು ಹಾಕುತ್ತದಂತೆ. ಆಮೇಲೆ ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೇಣದ ಮೇಲೆ ಹಾಸಿ, ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದವರ ಹಾಗೆ ಪಕ್ಕದಲ್ಲೇ ಕೂರುವುದು. ಮೇಣ ಮೆತ್ತಗಾದ ಮೇಲೆ ಎಣ್ಣೆ. ಅದನ್ನೂ ಮೊದಲು ಹಿಂದಿನ ಚಕ್ರದ ಹತ್ತಿರ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಚೂರು ಹಚ್ಚಿ, ಬಣ್ಣಕ್ಕೆ ಏನೂ ಆಗಲಿಲ್ಲ ಎಂದು ಖಾತ್ರಿ ಮಾಡಿಕೊಂಡು! ಎಣ್ಣೆ ನೆನೆದ ಮೇಲೆ ದೊಡ್ಡಮ್ಮನ ಹಳೇ ವಾಯಿಲ್ ಸೀರೆಯ ತುಂಡು ಸುತ್ತಿದ ಹೆಬ್ಬೆರಳಿನಿಂದ ಮೆಲ್ಲಗೆ ಹೊರಳಿಸುವುದು. ಉಗುರು ತಾಗಿಸುವಂತಿಲ್ಲ. ಕೊನೆಗೆ ಶ್ಯಾಂಪೂ ನೀರಿನಲ್ಲಿ ಜಿಡ್ಡು ತೊಳೆದು ಒರೆಸಿದರೆ, ಅಪ್ಪ ಕಾಫಿ ಲೋಟದ ಜೊತೆ ಕನ್ನಡಕವನ್ನೂ ತಂದರೂ ಏನೂ ಸಿಗುತ್ತಿರಲಿಲ್ಲ.

"ಮ್ಯಾಣ ತಾನಾಗೇ ಬುಡಬೇಕು ಕಣವ್ವ," ಎನ್ನುತ್ತಿದ್ದ ನನಗೆ. "ನಾವು ಜಬರ್ದಸ್ತಿ ಕಿತ್ರೆ ಬಣ್ಣನೂ ಜೊತೇಲಿ ಕರ್ಕಂಡೇ ಓಯ್ತದೆ."

ಇಷ್ಟಕ್ಕೇ ನಿಂತಿದ್ದರೆ ಅವನು ನಮ್ಮ ದೊಡ್ಡಪ್ಪ ಹೇಗಾದಾನು? ಹಣ್ಣು ಕೊಯ್ಯುವ ಮೊದಲೇ ಕೈಗೆ ಎಣ್ಣೆ ಹಚ್ಚಿಕೊಂಡರೆ ಮೇಣ ಅಂಟುವುದೇ ಇಲ್ಲ ತಾನೇ? ಅದೇ ನ್ಯಾಯವನ್ನು ಕಾರಿಗೂ ಅನ್ವಯಿಸಿದ. ಮುಂದಿನ ಯುಗಾದಿಯ ದಿನ ಮನೆಯವರೆಲ್ಲ ಎಣ್ಣೆ ಸ್ನಾನಕ್ಕೆ ಕೂತಾಗ, ಕಾರಿಗೂ ನೆತ್ತಿಯಿಂದ ಬಂಪರಿನವರೆಗೆ ಗಸಗಸ ಎಣ್ಣೆ ತಿಕ್ಕಿದ. ನಮಗೆ ಸೀಗೆಪುಡಿ ಸಿಕ್ಕಿತು, ಕಾರಿಗೆ ಸಿಗಲಿಲ್ಲ. ಹಬ್ಬದ ಮಾರನೆಯ ದಿನ ಕೆ.ಆರ್. ನಗರ ದಾಟಿ ಸಾಲಿಗ್ರಾಮದಲ್ಲಿ ನೆಂಟರ ಗೃಹಪ್ರವೇಶ. ನಡುವೆ ರಸ್ತೆ ಕೆಲಸ. ಜಲ್ಲಿ ಲಾರಿಗಳ ಹಿಂದೆಯೇ ಹೋದೆವು. ಸಾಲಿಗ್ರಾಮ ತಲುಪಿದಾಗ ಕಾರು ಯಾವ ಬಣ್ಣದ್ದು ಎಂದು ಹೇಳಬಲ್ಲವರು ಕಾರಿನೊಳಗೆ ಕೂತಿದ್ದ ನಾವು ಮಾತ್ರ. ಎಣ್ಣೆಗೆ ಕೆಂಪು ಧೂಳು ಹತ್ತಿ, ಇಡೀ ಕಾರು ಹಿಟ್ಟಿನಲ್ಲಿ ಹೊರಳಿಸಿದ ಬಜ್ಜಿಯಾಗಿತ್ತು!

"ಇನ್ನು ಬಾಣಲೆಗೆ ಬುಡೋದೊಂದು ಬಾಕಿ," ಎಂದು ಅಪ್ಪ ಗೃಹಪ್ರವೇಶಕ್ಕೆ ಬಂದವರೆದುರೆಲ್ಲ ಸಾರಿಕೊಂಡು ಬಂದ. ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕೂರಲಿಲ್ಲ. ಆದರೆ ಹೋಳಿಗೆ ಬಡಿಸುವವನಿಗೆ ಮಾತ್ರ "ನನ್ ತಮ್ಮುಂಗೆ ಇನ್ನೊಂದಿಕ್ಕಪ್ಪ" ಎಂದು ಎದುರು ಪಂಕ್ತಿಯಿಂದಲೇ ಕೂಗಿದ.

ಹೋಗಲಿ, ವಿದ್ಯೆ ಪಕ್ಕಾ ಆಯಿತು. ದೊಡ್ಡಪ್ಪನ ಹೆಸರು ಊರು ದಾಟಿತು. ಮಾವಿನ ಸೊನೆ, ಬೇವಿನ ಅಂಟು, ಹಲಸಿನ ಮೇಣ, ಏನೇ ಮೆತ್ತಿಸಿಕೊಂಡು ಬಂದರೂ ಬಣ್ಣ ಕೆಡದಂತೆ ಬಿಡಿಸಿ ಕಳಿಸುತ್ತಿದ್ದ. ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬಂದರು. ಎಚ್.ಡಿ. ಕೋಟೆಯವರೊಬ್ಬರು ಆತುರಕ್ಕೆ ತಾವೇ ಚಾಕುವಿನಲ್ಲಿ ಕೆರೆದು, ಬಾನೆಟ್ಟನ್ನು ಹರಗಿದ ಹೊಲ ಮಾಡಿಕೊಂಡು ಬಂದಿದ್ದರು. ದೊಡ್ಡಪ್ಪ ಅದರ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟ.

"ಸಾಯ್ಸಾದ್ ಮ್ಯಾಲೆ ಆಸ್ಪತ್ರೆಗೆ ತಂದಿದ್ದೀರಲ್ಲ ಸೋಮಿ."

ನಾಲ್ಕು ತಾಲ್ಲೂಕಿನ ಕಾರುಗಳು ನಮ್ಮ ಹಲಸಿನ ಮರದ ಕೆಳಗೆ ಬಂದು ನಿಂತು ಹೋಗುತ್ತಿದ್ದರೆ ನನಗೂ ಒಂದು ಗತ್ತು. ಗಂಡನ ಮನೆಯಲ್ಲಿ ಯಾರ ಕಾರಿಗೆ ಏನು ಅಂಟಿದರೂ "ನಮ್ ದೊಡ್ಡಪ್ಪನ ಹತ್ರ ಕಳ್ಸಿ" ಎಂದು ನಾನೇ ಸರ್ಜನ್ ಎಂಬಂತೆ ಹೇಳುತ್ತಿದ್ದೆ. ಅಪ್ಪನೂ ಅಷ್ಟೇ. ಎದುರಿಗೆ ಗೇಲಿ ಮಾಡುತ್ತಿದ್ದವನು, ಹಿಂದಿನಿಂದ ಅಂಗಡಿ ಮುಂದೆ ಕೂತು ಅಣ್ಣನ ಗುಣಗಾನ ಮಾಡುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಈ ಸಲದ ರಜೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಕಾರಿನ ಕಡೆ ಹೊರಟವನು ಎದೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದ.

ದೊಡ್ಡಪ್ಪನ ಕಾರು ಎಂದರೆ ಕೋಳಿ ಅಡ್ಡ ಬಂದರೂ ನಿಂತು, ಅದು ದಾಟಿದ ಮೇಲೆ ಹೊರಡುವ ಕಾರು. ಅವತ್ತು ಅದು ಹಾರಿತು. ಊರ ಬಾಗಿಲಲ್ಲಿ ಬ್ಯಾರನ್ನಿಗೆ ಸೌದೆ ತುಂಬಿಕೊಂಡು ಬಂದ ಟ್ರೈಲರ್ ಅರ್ಧ ದಾರಿಯನ್ನೇ ನುಂಗಿ ನಿಂತಿತ್ತು. ದೊಡ್ಡಪ್ಪ ಹಾರ್ನ್ ಕೂಡ ಹೊಡೆಯಲಿಲ್ಲ, ಸಂದಿಗೆ ನುಗ್ಗಿಸಿದ. ಹೊರಚಾಚಿದ ಸೌದೆ ತುದಿಗಳು ಎಡಬದಿಯ ಉದ್ದಕ್ಕೂ ಕರ್ರೆಂದು ಕೆರೆದವು. ಹಿಂದಿನ ಸೀಟಿನಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನನಗೆ ಹಲ್ಲು ಚುಳ್ಳೆಂದಿತು. ದೊಡ್ಡಪ್ಪನಿಗೆ ಅದು ಕೇಳಿಸಲೇ ಇಲ್ಲ.

"ಮಾತಾಡ್ಲಾ!" ಎಂದು ಕನ್ನಡಿಯಲ್ಲಿ ತಮ್ಮನನ್ನು ನೋಡುತ್ತ ಕೂಗುತ್ತಿದ್ದ. "ನನ್ ಕಾರ್ ಬೈಯ್ಲಾ! ಬಜ್ಜಿ ಅನ್ಲಾ! ಏನಾರ ಅನ್ಲಾ!"

ಅಪ್ಪ ಉಳಿದ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊತ್ತಿಗೆ ಸರಿಯಾಗಿ ತಂದಿರಿ ಎಂದರು. ಅಪ್ಪನನ್ನು ಮನೆಗೆ ಕಳಿಸುವ ತನಕ ದೊಡ್ಡಪ್ಪ ಅವನ ಮಂಚ ಬಿಟ್ಟು ಕದಲಲಿಲ್ಲ. ಕಾರು ಹೊರಗೆ ರಣಬಿಸಿಲಿನಲ್ಲಿ, ಕಾಗೆಗಳ ಸುಪರ್ದಿಯಲ್ಲಿ ನಿಂತಿತ್ತು.

ಮನೆಗೆ ಬಂದ ಅಪ್ಪನ ಎರಡೂ ಕೈಗಳಲ್ಲಿ ಡ್ರಿಪ್ ಹಾಕಿದಾಗಿನ ಪ್ಲಾಸ್ಟರಿನ ಪಟ್ಟಿಗಳು, ಅಂಚಿನಲ್ಲಿ ಕಪ್ಪಗಾದ ಗೋಂದು. ಅಪ್ಪನ ಚರ್ಮ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳು. ಆಸ್ಪತ್ರೆಯಲ್ಲಿ ಎಷ್ಟು ಹುಷಾರಾಗಿ ತೆಗೆದರೂ ಒಂದು ಪಟ್ಟಿಯ ಜೊತೆ ಚರ್ಮವೂ ಎದ್ದು ಬಂದಿತ್ತು. ಆಮೇಲೆ ಅಪ್ಪ ಯಾರಿಗೂ ಕೈ ಕೊಡಲಿಲ್ಲ. ಅಮ್ಮ ಹತ್ತಿರ ಹೋದರೂ ಚೀರಿದ, ನಾನು ಹೋದರೂ ಚೀರಿದ. ಗೀರು ಹುಡುಕಿ ಹಂಗಿಸುತ್ತಿದ್ದ ನನ್ನ ಅಪ್ಪ ಹೀಗೆ ಹೆದರಿ ಕೈ ಮುದುಡಿಕೊಂಡು ಕೂತದ್ದನ್ನು ನೋಡಿ ನನಗೆ ಅಳು ಬಂತು.

ದೊಡ್ಡಪ್ಪ ಬಂದ. ಕೈ ತೊಳೆದುಕೊಂಡ. ಗಡಿಯಾರ ಬಿಚ್ಚಿದ, ಉಂಗುರ ಬಿಚ್ಚಿದ. ದೊಡ್ಡಮ್ಮನ ಪೆಟ್ಟಿಗೆಯಿಂದ ಒಗೆದಿಟ್ಟಿದ್ದ ಮೆತ್ತನೆಯ ಸೀರೆಯೊಂದನ್ನು ತೆಗೆದು ತುಂಡು ಹರಿದ. ಎಣ್ಣೆಯನ್ನು ಬೆಚ್ಚಗೆ ಮಾಡಿಸಿಕೊಂಡು ಜಗಲಿಯ ಮೇಲೆ ಕೂತು, ತಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಪಟ್ಟಿಯ ಒಂದು ಮೂಲೆಗೆ ಮಾತ್ರ ಎಣ್ಣೆ ಮುಟ್ಟಿಸಿ ತಮ್ಮನ ಮುಖ ನೋಡಿದ.

"ಉರೀತದಾ?"

"ಇಲ್ಲ."

ಆಮೇಲೆ ಕಾದ. ಎಷ್ಟು ಹೊತ್ತು ಕಾದನೋ! ಗೋಂದು ಮೆಲ್ಲಮೆಲ್ಲಗೆ ಬಿಟ್ಟುಕೊಂಡು ಅವನ ಹೆಬ್ಬೆರಳಿಗೆ ಹೊರಳತೊಡಗಿತು. ಅಪ್ಪನ ಭುಜ ಸಡಿಲವಾಯಿತು. ಅವನು ತಲೆಯೆತ್ತಿ ಅಂಗಳದ ಕಡೆ ನೋಡಿದ. ಕಾರಿನ ಎಡಬದಿ ನಮ್ಮ ಕಡೆಗೇ ಇತ್ತು. ಇಷ್ಟು ವರ್ಷ ಹುಡುಕಿದ್ದು ಕಣ್ಣಿಗೆ ಬಿದ್ದಿತ್ತು, ಆದರೆ ಅವನ ದನಿಯಲ್ಲಿ ಗೇಲಿ ಇರಲಿಲ್ಲ.

"ಅಣ್ಣ... ನಿನ್ ಕಾರ್ ಗೀರೋಗದೆ ಕಣಣ್ಣ. ಇಷ್ಟುದ್ದ."

ದೊಡ್ಡಪ್ಪ ತಿರುಗಿ ನೋಡಲಿಲ್ಲ. ಬಗ್ಗಿಸಿದ ತಲೆ ಬಗ್ಗಿಸಿದಂತೆಯೇ ಇತ್ತು.

"ಕಾರಿಗೆ ಬಣ್ಣ ಅಂಗ್ಡೀಲಿ ಸಿಕ್ತದೆ ಕಣ್ಲಾ," ಎಂದ. "ನೀನು ಕೈ ಅಳ್ಳಾಡಿಸ್ಬ್ಯಾಡ."