ತಮ್ಮನ ಜೇಬಿನ ಸೈರನ್

ಪ್ರಣಮ್ಯಾ, ಸುಹಾಸಾ, ನಿಮ್ಮ ಸಣ್ಣಜ್ಜ, ಅಂದರೆ ನನ್ನ ಒಬ್ಬನೇ ತಮ್ಮ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕಿಗೂ ಅತಿ ಬುದ್ಧಿವಂತ. ಹೀಗೆ ಹೇಳಿದವನು ಅವನೇ! ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವುದು ಅವನ ಕೆಲಸ. ಯಾರ ಮನೆಯ ಇಂಟರ್ನೆಟ್ ಬಾಕ್ಸ್ ನಿಂತರೂ ತನ್ನ ಮೊಬೈಲಿಗೆ ತಿಳಿಯುವಂತೆ ಒಂದು ಸಾಫ್ಟ್‌ವೇರ್ ಹಾಕಿಕೊಂಡ. ಅದು ಮೆಲ್ಲಗೆ ಟಿಂಗ್ ಎಂದರೆ ಸಾಲದೇ? ಇವನಿಗೆ ಆಂಬ್ಯುಲೆನ್ಸ್ ಸೈರನ್ನೇ ಬೇಕಾಯಿತು. ಒಮ್ಮೆ ಮೂಡುಬಿದಿರೆ ಬಸ್ಸಿನಲ್ಲಿ ಅದು ಕೂಗಿದಾಗ ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿ ದಾರಿ ಬಿಟ್ಟರು! ಎಲ್ಲರೂ ಹಿಂದೆ ತಿರುಗಿ ನೋಡುತ್ತಿದ್ದರೆ ಈ ಮಹಾಶಯ ಎದ್ದು, "ನನ್ನ ಜೇಬಿನದ್ದು ಮಾರಾಯ್ರೆ, ಹೋಗುವ" ಎಂದನಂತೆ.

ಗುಡುಗು ಕೇಳಿದ ಕೂಡಲೇ ನಮ್ಮ ಕಡೆ ಎಲ್ಲರೂ ಪ್ಲಗ್ ಕೀಳುತ್ತಾರೆ. ಇಲ್ಲೇ ಹುಟ್ಟಿದವನಿಗೆ ಇದು ನೆನಪಿರಬೇಡವೇ? ಒಂದು ಸಂಜೆ ಗುಡುಗಿತು, ಬಾಕ್ಸ್‌ಗಳೆಲ್ಲ ಒಟ್ಟಿಗೆ ನಿಂತವು, ಇವನು ಏಣಿ ಹೊತ್ತು ಮಳೆಯಲ್ಲಿ ಬೆಳ್ತಂಗಡಿಗೆ ಓಡಿದ. ಮೊದಲ ಮನೆಯಾಕೆ ಬಾಗಿಲಲ್ಲೇ ಕೇಳಿದರಂತೆ: "ಎಂತ ಅಣ್ಣ, ಸಿಡಿಲಿಗೆ ಏಣಿ ಹಿಡ್ಕೊಂಡು ತಿರುಗ್ತೀರಾ? ಪ್ಲಗ್ ನಾವೇ ತೆಗ್ದದ್ದು!"

ಅಂದಿನಿಂದ ಬುದ್ಧಿ ಇನ್ನೊಂದು ತುದಿಗೆ ಹಾರಿತು. ಬಾಕ್ಸ್ ನಿಂತು ನಲವತ್ತೈದು ನಿಮಿಷ ಕಳೆದ ಮೇಲಷ್ಟೇ ಸೈರನ್! "ಗುಡುಗು ಅಷ್ಟರಲ್ಲಿ ಮುಗೀತದೆ ಅಕ್ಕ" ಎಂದು ಬೀಗಿದ.

ಕಳೆದ ವಾರ ಉಜಿರೆಯ ಒಂದು ಹಾಸ್ಟೆಲಿನಲ್ಲಿ ಮಕ್ಕಳ ಆನ್‌ಲೈನ್ ಪರೀಕ್ಷೆ. ತೆಂಗಿನ ಗರಿ ಬಿದ್ದು ಕೇಬಲ್ ತುಂಡಾಯಿತು. ವಾರ್ಡನ್ ಸ್ಕೂಟರಿನಲ್ಲಿ ಬೆಳ್ತಂಗಡಿಯ ಇವನ ಅಂಗಡಿಗೇ ಬಂದರು. ನಾನೂ ಅಲ್ಲಿದ್ದೆ, ನಾಚಿಕೆಯಿಂದ ತಲೆ ಎತ್ತಲಿಲ್ಲ. ಅವರು ಮನಸ್ಸು ತಣಿಯುವಷ್ಟು ಬೈದು ಮುಗಿಸುವಾಗ ಇವನ ಜೇಬು ಕೂಗಿತು.

"ಬಂತು ನೋಡಿ ನಿಮ್ಮ ಸುದ್ದಿ!" ಎಂದರು ವಾರ್ಡನ್. "ಇನ್ನೊಮ್ಮೆ ಹೀಗಾದ್ರೆ ನಾವು ಬೇರೆಯವರ ಕೇಬಲ್ ಹಾಕಿಸ್ತೇವೆ. ನಮ್ಮನ್ನು ನೋಡಿ ಉಳಿದವರೂ ನಿಮ್ಮನ್ನು ಬಿಡ್ತಾರೆ."

ಇಪ್ಪತ್ತು ವರ್ಷ ಕಂಬ ಹತ್ತಿ ಕಟ್ಟಿದ ಕೆಲಸ! ಕೇಬಲ್ ಜೋಡಿಸಿ ಬಂದವನನ್ನು ಹಿಡಿದು ಕೂರಿಸಿದೆ.

"ಎಲ್ಲದಕ್ಕೂ ಐದು ನಿಮಿಷ ಹಾಕು."

"ಗುಡುಗಿದ್ರೆ ಎಂತ ಮಾಡುವುದು?"

"ಓಡದೆ ಕೂತ್ಕೋ. ಕಿವಿ ಉಂಟಲ್ಲ ನಿನಗೆ?"

ಕನ್ನಡಕ ಮರೆತು ಬಂದಿದ್ದ, ಬುದ್ಧಿವಂತ! ನಾನೇ ಮೊಬೈಲಿನ ಪಟ್ಟಿ ಓದಿ ಹೇಳಿದೆ, ಅವನು ಒಂದೊಂದಾಗಿ ಬದಲಿಸಿದ. ಬಂಟ್ವಾಳ ನಲವತ್ತೈದು, ಮೂಡುಬಿದಿರೆ ನಲವತ್ತೈದು. ಕಟ್ಟಕಡೆಗೆ "ಅಕ್ಕ" ಎಂದಿತ್ತು. ಎದುರಿಗೆ ಸೊನ್ನೆ.

"ಇದಕ್ಕೂ ಐದಾ?"

"ಅದು ಹಾಗೇ ಇರ್ಲಿ."

"ಯಾಕೋ?"

"ಬಾವ ಮನೆಯಲ್ಲಿ ಕುಸಿದು ಬಿದ್ದ ದಿನ ನಾನು ವೇಣೂರಿನಲ್ಲಿ ಕಂಬದ ಮೇಲಿದ್ದೆ ಅಕ್ಕ. ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೆ."

ಗುಡುಗಿದಾಗಲೆಲ್ಲ ನಾನು ಮನೆಯ ಪ್ಲಗ್ ತೆಗೆದ ಮರುಕ್ಷಣವೇ ಇವನ ಫೋನು ಯಾಕೆ ಬರುತ್ತದೆಂದು ಆಗ ತಿಳಿಯಿತು. ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದುವವಳಂತೆ ಮುಖ ತಗ್ಗಿಸಿದೆ.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಪುಸ್ತಕದ ಚೀಲದೊಳಗೆ ಜೋಪಾನವಾಗಿಡಿ. ಸಣ್ಣಜ್ಜನಿಗೆ ತೋರಿಸಬೇಡಿ. ಬೈಗುಳ ಓದಿದರೆ ಅವನು ನಗುತ್ತಾನೆ, ಅದಕ್ಕೆ ತೊಂದರೆಯಿಲ್ಲ. ಕೊನೆಯದನ್ನು ಓದಿದರೆ ನನಗೆ ಅವನ ಮುಖ ನೋಡಲಿಕ್ಕಾಗುವುದಿಲ್ಲ.