ನೆಲದಿಂದೇಳುವ ವಿದ್ಯೆ

ಎಪ್ಪತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸದೇನೂ ಸಂಭವಿಸದೆಂದು ನಂಬಿದವರು ಆ ವಯಸ್ಸಿನಲ್ಲಿ ಒಮ್ಮೆ ವ್ಯಾಯಾಮಕ್ಕೆ ಮರಳಿ ನೋಡಬೇಕು. ಹಳಗನ್ನಡ ಗದ್ಯವನ್ನು ಓದುತ್ತ, ಓದಿಸುತ್ತ ಆಯುಷ್ಯ ಕಳೆದ ನನಗೆ ಈಚಿನ ಕೆಲವು ತಿಂಗಳಲ್ಲಿ ಒದಗಿದಷ್ಟು ಪ್ರಸಂಗಗಳು ಹಿಂದಿನ ಅರ್ಧ ಶತಮಾನದಲ್ಲಿ ಒದಗಿರಲಿಲ್ಲ.

೧. ಭಾವಸಮಾಧಿ

ಮಸ್ಕಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರ ಪಡಸಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ನಾನು ಹಳಗನ್ನಡ ಗದ್ಯವನ್ನು ಓದಿ ಅರ್ಥ ಹೇಳುವುದುಂಟು. ಓದುವವನು ಜಮಖಾನದ ಮೇಲೆ ಕುಳಿತೇ ಓದಬೇಕು. ಅವನು ಎದ್ದ ಮೇಲೆಯೇ ಕೇಳುಗರು ಏಳಬೇಕು. ಇದು ಅಲ್ಲಿಯ ಕಟ್ಟಳೆ.

ಒಂದು ಭಾನುವಾರ ಗ್ರಂಥ ಮುಚ್ಚಿ ಏಳಲು ನೋಡಿದೆ, ಮೊಣಕಾಲು ಒಪ್ಪಲಿಲ್ಲ. ಮತ್ತೊಮ್ಮೆ ಯತ್ನಿಸಿದೆ, ಸೊಂಟವೂ ಮೊಣಕಾಲಿನ ಪಕ್ಷ ವಹಿಸಿತು. ನಾಚಿಕೆಯಿಂದ ಕಣ್ಣು ಮುಚ್ಚಿ ಕುಳಿತುಬಿಟ್ಟೆ.

"ಮಾಸ್ತರು ಭಾವದಾಗ ಮುಳುಗ್ಯಾರ. ಯಾರೂ ಪಿಟಕ್ ಅನ್ನಬ್ಯಾಡ್ರಿ" ಎಂದರು ಮಾಲೀಕರು.

ಇಪ್ಪತ್ತು ಮಂದಿ ಕೈಮುಗಿದು ಕುಳಿತರು. ಕಾಲು ಗಂಟೆ ಕಳೆಯಿತು. ಒಳಗೆ ಚಹಾ ಆರಿತು. ಕೊನೆಗೆ ನಾನೇ ಕಣ್ತೆರೆದು ಹೇಳಬೇಕಾಯಿತು:

"ಮುಳುಗಿಲ್ರೀ, ಸಿಕ್ಕೊಂಡೀನಿ. ಇಬ್ರು ಬಂದು ಕೈ ಹಿಡೀರಿ."

೨. ವಿರಾಮದ ಅಳತೆ

"ಮುಂದಿನ ವಾರದಿಂದ ಕುರ್ಚಿ ಹಾಕಸ್ತೀನ್ರಿ" ಎಂದು ಮಾಲೀಕರು ಸಮಾಧಾನ ಹೇಳಿದರು. ಕುರ್ಚಿಯೇರಿ ಓದುವುದಕ್ಕಿಂತ ಓದನ್ನೇ ತ್ಯಜಿಸುವುದು ಲೇಸೆಂದು ನಾನು ಹಟ ಹಿಡಿದೆ. ಓದಿಗೆ ಬಿಡುವು ಕೊಟ್ಟು ಮೂರು ತಿಂಗಳ ಗಡುವು ಪಡೆದೆ. ಅಷ್ಟರಲ್ಲಿ ನೆಲದಿಂದ ಏಳಲು ಕಲಿಯದಿದ್ದರೆ, ಐವತ್ತು ವರ್ಷದ ಓದು ಅಲ್ಲಿಗೆ ಮುಗಿಯಬೇಕು.

ಲಿಂಗಸುಗೂರಿನ ವೈದ್ಯೆಯನ್ನು ಕಂಡೆ. ಕಾಲುಗಳನ್ನು ಒತ್ತಿ ನೋಡಿ ಆಕೆ ಕೇಳಿದರು: "ಮೊದ್ಲು ಏನರೆ ಕಸರತ್ತು ಮಾಡೀರೇನ್ರಿ?"

ಹರೆಯದಲ್ಲಿ ಗರಡಿಯ ಕೆಮ್ಮಣ್ಣಿನಲ್ಲಿ ದಿನಕ್ಕೆ ಇನ್ನೂರು ಬಸ್ಕಿ ಹೊಡೆದುದನ್ನೂ ಗುಂಡುಕಲ್ಲನ್ನು ಹೆಗಲಿಗೇರಿಸಿದುದನ್ನೂ ಸವಿಸ್ತರವಾಗಿ ವರ್ಣಿಸಿದೆ. ಆಕೆ ಗೌರವದಿಂದ ಬರೆದುಕೊಂಡರು.

"ನಡುವ ಸ್ವಲ್ಪ ಗ್ಯಾಪ್ ಬಿದ್ದೈತಿ" ಎಂದೆ.

"ಎಷ್ಟ್ರೀ?"

"ನಲವತ್ತಾರು ವರ್ಷ."

ಆಕೆ ಪೆನ್ನು ಕೆಳಗಿಟ್ಟರು. "ಮಾಸ್ತರ್ರ, ಅಷ್ಟಕ್ಕ ಗ್ಯಾಪ್ ಅನ್ನಾಂಗಿಲ್ರಿ. ಬಿಟ್ಟದ್ದು ಅಂತಾರ."

೩. ಗರಡಿಯ ವಿಧಿ

ನಾನೀಗ ವಾಸವಾಗಿರುವುದು ಸಿಂಧನೂರಿನಲ್ಲಿ. ಕಸರತ್ತನ್ನು ಮತ್ತೆ ಹಿಡಿಯಿರೆಂದು ವೈದ್ಯೆ ಹೇಳಿದ್ದರು; ಇಲ್ಲಿ ಭತ್ತದ ಮಾರುಕಟ್ಟೆಯ ಮಗ್ಗುಲಿಗೇ ಒಂದು ಜಿಮ್ ಇದೆ. ಗರಡಿಯ ವಿಧಿಯನ್ನು ಮರೆಯದ ನಾನು ಚಪ್ಪಲಿಯನ್ನು ಹೊರಗೆ ಕಳಚಿ, ಕಚ್ಚೆ ಬಿಗಿದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಹೊಕ್ಕೆ. ಅಲ್ಲಿ ಕಲಿಸುವಾತ ಓಡಿಬಂದ.

"ಅರೇ ಮಾಸ್ತರ್ರ, ಇಲ್ಲಿ ಬೂಟು ಹಾಕ್ಕೊಂಡು ಬರಬೇಕ್ರಿ!"

ವಿದ್ಯೆಯ ನೆಲೆಗೆ ಬೂಟು ತೊಟ್ಟು ಬರುವ ಶಾಸ್ತ್ರವನ್ನು ನಾನು ಮೊದಲ ಬಾರಿಗೆ ಕೇಳಿದೆ. ಆದರೂ ಗುರು ಗುರುವೇ. ಮರುದಿನ ಬೂಟು ತೊಟ್ಟು ಹೋಗಿ, ಎತ್ತಲೆಂದು ಇಟ್ಟಿದ್ದ ದೊಡ್ಡ ಕಬ್ಬಿಣದ ಮೇಲೆ ಕಣ್ಣು ಹಾಕಿದೆ. ಆತ ಒಂದು ಗಿಡ್ಡ ಬೆಂಚು ತೋರಿಸಿದ.

"ಅದು ಆಮ್ಯಾಲ. ಮೊದ್ಲು ಇದರ ಮ್ಯಾಲ ಕೂತು ಏಳ್ರಿ. ಕೈ ಊರಬ್ಯಾಡ್ರಿ."

ಕುಳಿತೆ.

"ಮಾಶಾಲ್ಲಾ, ಛಲೋ ಕೂತ್ರಿ! ಈಗ ಏಳ್ರಿ."

"ಏಳಾಕತ್ತೀನಿ."

ಆತ ಒಂದು ಸುತ್ತು ಬಂದು ನನ್ನನ್ನು ನಾಲ್ಕೂ ಕಡೆಯಿಂದ ನೋಡಿ, ವಿನಯದಿಂದ ಹೇಳಿದ: "ಶುರು ಆದಾಗ ಹೇಳ್ರಿ, ಎಣಸ್ತೀನಿ."

೪. ಬಾರದ ಲಾರಿ

ಎರಡು ತಿಂಗಳಲ್ಲಿ ಬೆಂಚಿನಿಂದ ಕಬ್ಬಿಣಕ್ಕೆ ಬಡ್ತಿ ಪಡೆದೆ. ಒಂದು ಮುಂಜಾನೆ ಮಾರುಕಟ್ಟೆಯ ಹಮಾಲನೊಬ್ಬ ಚಹಾ ಕುಡಿಯುತ್ತ ಬಾಗಿಲಲ್ಲಿ ನಿಂತು, ಭತ್ತದ ಚೀಲಗಳನ್ನು ಹೊತ್ತು ಪಳಗಿದವನ ಕಣ್ಣುಗಳಿಂದ ನನ್ನನ್ನು ಪರೀಕ್ಷಿಸಿದ.

"ಎತ್ತೂದು ಚಂದ ಎತ್ತೀರಿ. ಎಲ್ಲಿಗೆ ಒಯ್ಯಬೇಕ್ರಿ ಅದನ್ನ?"

"ಎಲ್ಲಿಗೂ ಇಲ್ಲಪ್ಪ. ಇಲ್ಲೇ ಇಡ್ತೀನಿ."

"ಆಮ್ಯಾಲ?"

"ಮತ್ತ ಎತ್ತತೀನಿ."

ಅವನು ಚಹಾದ ಲೋಟವನ್ನು ಕೆಳಗಿಟ್ಟು, ಕಲಿಸುವಾತನ ಕಡೆ ಸಿಟ್ಟಿನಿಂದ ತಿರುಗಿದ: "ಹಿರೇ ಮನಷ್ಯಾರನ್ನ ಯಾಕ ಸತಾಯಸ್ತಿ? ಲಾರಿ ಬಂದಿಲ್ಲಂದ್ರ ಮನಿಗೆ ಕಳಸು!"

೫. ಉತ್ಥಾನ

ಗಡುವು ಮುಗಿದ ಭಾನುವಾರ ಮಸ್ಕಿಗೆ ಹೋದೆ. ನನ್ನ ಮೇಲೆ ಅಷ್ಟೇನೂ ಭರವಸೆಯಿಲ್ಲದ ಮಾಲೀಕರು ದಿಂಬು ಸಹಿತ ಕುರ್ಚಿಯೊಂದನ್ನು ಗೋಡೆಯ ಬದಿಗೆ ಸಿದ್ಧವಾಗಿರಿಸಿದ್ದರು. ಅದರತ್ತ ನೋಡದೆ ಜಮಖಾನದ ಮೇಲೆ ಕುಳಿತು ಒಂದು ಗಂಟೆ ಓದಿದೆ. ಗ್ರಂಥ ಮುಚ್ಚಿದೆ. ಬಲಗಾಲನ್ನು ಮುಂದೂರಿ, ಬೆನ್ನು ನೆಟ್ಟಗಿರಿಸಿ, ಕೈ ನೆಲಕ್ಕೆ ತಾಗದಂತೆ, ಒಂದೇ ಉಸಿರಿಗೆ ಎದ್ದು ನಿಂತೆ! ನಲವತ್ತಾರು ವರ್ಷಗಳ ಹಿಂದೆ ಗುಂಡುಕಲ್ಲು ಹೆಗಲೇರಿದಾಗಲೂ ಎದೆ ಇಷ್ಟು ಉಬ್ಬಿರಲಿಲ್ಲ.

ಆದರೆ ಸಭೆಯಲ್ಲಿ ಒಬ್ಬರೂ ಏಳಲಿಲ್ಲ. ವಿಸ್ಮಯದಿಂದ ಸ್ತಬ್ಧರಾಗಿರಬೇಕೆಂದು ಭಾವಿಸಿ, ಕೆಲಕಾಲ ಆ ಗೌರವವನ್ನು ಅನುಭವಿಸಿದೆ. ಬಳಿಕ, "ಯಾಕ್ರೀ, ಏಳ್ರಿ" ಎಂದೆ.

"ಏಳೂದು ಹ್ಯಾಂಗ್ರೀ?" ಎಂದು ಮಾಲೀಕರು ಕುಳಿತಲ್ಲಿಂದಲೇ ಅಲವತ್ತುಕೊಂಡರು. "ಮೊದ್ಲು ನೀವು ಏಳೂದು ತಡಾ ಆಗ್ತಿತ್ತು. ಅಷ್ಟರಾಗ ನಾವು ಕಾಲು ಬಿಡಿಸ್ಕೊಂಡು, ಗ್ವಾಡಿ ಹಿಡಕೊಂಡು ತಯಾರಾಗ್ತಿದ್ವಿ. ಇವತ್ತು ಹೇಳದಾ ಕೇಳದಾ ಒಮ್ಮಿಗೇ ಎದ್ದುಬಿಟ್ರಿ!"

ನೋಡಿದರೆ ಎಲ್ಲರೂ ನನ್ನ ಓರಗೆಯವರೇ. ಮೊಣಕಾಲು ಬಾಗಿಸಿ, ಬೆನ್ನು ಬಾಗಿಸದೆ, ಒಬ್ಬೊಬ್ಬರನ್ನೇ ಕೈಹಿಡಿದು ಎಬ್ಬಿಸುತ್ತ ಹೋದೆ. ಕಡೆಯಲ್ಲಿ ಉಳಿದವರು ಮಾಲೀಕರು. ತೂಕದಲ್ಲಿ ಎರಡು ಭತ್ತದ ಚೀಲಕ್ಕೆ ಕಡಿಮೆಯಿಲ್ಲ. ಅವರನ್ನೂ ಎಬ್ಬಿಸಿದೆ. ಅವರು ಧೋತರ ಸರಿಪಡಿಸಿಕೊಂಡು, ಹಿಂದೆಂದೂ ಕಾಣದ ಭಕ್ತಿಯಿಂದ ಕೈಮುಗಿದರು.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಮುಂದಿನ ವಾರದಿಂದ ಓದೂದು ಸ್ವಲ್ಪ ಕಡಿಮಿ ಮಾಡಿ, ಎಬ್ಬಸೂದಕ್ಕ ಟೈಮ್ ಇಡ್ರಿ."