ಹನ್ನೆರಡೂ ಹೆಲ್ಮೆಟ್ ಪಾಸು!

ನಮ್ಮಕ್ಕನ ಹೊಸ ಮನೆಯ ಮಹಡಿಯ ಸ್ಲ್ಯಾಬ್ ಕೆಲಸ ನಿಂತದ್ದು ನನ್ನ ತಲೆಹರಟೆಯಿಂದ ಎಂದು ಕುರುಗೋಡಿನಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಯಾರು? ಅವರಲ್ಲಿ ಕಣ್ಣಾರೆ ಕಂಡವರೆಷ್ಟು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ಕಪ್ ಗೆದ್ದವಳು ನಾನು. ಸಾಕ್ಷಿಯಿಲ್ಲದ ಮಾತನ್ನು ಒಪ್ಪುವುದಿಲ್ಲ. ನಡೆದದ್ದು ಇಷ್ಟು.

ಆಳುಗಳ ತಲೆಗೆ ಹೆಲ್ಮೆಟ್ ಇಲ್ಲದಿದ್ದರೆ ಸ್ಲ್ಯಾಬೂ ಇಲ್ಲ ಎಂದು ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದ್ದರು. ಅಕ್ಕ ಒಳ್ಳೆಯ ದಿನ ನೋಡಿಸಿಟ್ಟಿದ್ದಳು. ಹಿಂದಿನ ದಿನ ನಾನೇ ಬಳ್ಳಾರಿಗೆ ಹೋಗಿ ಹನ್ನೆರಡು ಹೆಲ್ಮೆಟ್ ಆರಿಸಿದೆ.

"ಆನಿ ತುಳುದ್ರೂ ಏನೂ ಆಗಂಗಿಲ್ರಿ," ಎಂದ ಅಂಗಡಿಯವನು.

"ಯಾವ ಆನಿ? ಎಲ್ಲಿ ತುಳೀತು? ನೀವು ನೋಡೀರೇನು?"

ಅವನು ಚೀಲ ಕಟ್ಟಿಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ. ನನಗೆ ಅನುಮಾನ ಶುರುವಾದದ್ದೇ ಅಲ್ಲಿ!

ಸಂಜೆ ಹೆಲ್ಮೆಟ್‌ಗಳನ್ನು ಮರಳಿನ ಗುಡ್ಡೆಯ ಮೇಲೆ ಸಾಲಾಗಿ ಬೋರಲು ಇಟ್ಟೆ. ಮೇಸ್ತ್ರಿ ಹುಲುಗಪ್ಪನವರ ಜೊತೆ ಮೊದಲ ಮಹಡಿ ಹತ್ತಿದೆ. ಅವರು ಇಟ್ಟಿಗೆ ಎತ್ತಿ ಕೊಟ್ಟರು, ನಾನು ಗುರಿಯಿಟ್ಟು ಕೆಳಗೆ ಬಿಟ್ಟೆ. ಧಡ್! ಹೆಲ್ಮೆಟ್‌ಗೆ ಒಂದು ಗೀರೂ ಇಲ್ಲ.

"ಒಂದು ನೋಡಿದ್ರ ಸಾಕಲ್ಲೇನು ಮೇಸ್ತ್ರಿ?"

"ಅದೆಂಗವ್ವಾ? ಉಳಿದ ಹನ್ನೊಂದು ಮಂದಿ ತಲಿ, ತಲಿ ಅಲ್ಲೇನು?"

ವಾದದಲ್ಲಿ ಹುರುಳಿತ್ತು. ಹನ್ನೆರಡಕ್ಕೂ ಇಟ್ಟಿಗೆ ಬಿಟ್ಟೆ. ಹನ್ನೆರಡೂ ಪಾಸು!

ಬೆಳಿಗ್ಗೆ ಆರಕ್ಕೆ ಕಾಂಕ್ರೀಟ್ ಮಿಕ್ಸರ್ ಬಂತು. ಸ್ಲ್ಯಾಬ್ ಹಾಕುವವರ ಊಟಕ್ಕೆಂದು ಅಕ್ಕ ಹೋಳಿಗೆ ಬೇಯಿಸುತ್ತಿದ್ದಳು. ಎಂಜಿನಿಯರ್ ಒಂದು ಹೆಲ್ಮೆಟ್ ಎತ್ತಿ ನೋಡಿದರು. ನೆತ್ತಿಯ ಮೇಲೆ ಕೆಂಪು ಇಟ್ಟಿಗೆಪುಡಿ.

"ಏನ್ರಿ ಇದು?"

"ಪರೀಕ್ಷೆ ಮಾಡಿದ ಗುರುತು ಸಾರ್. ಒಂದನ್ನೂ ಬಿಟ್ಟಿಲ್ಲ!"

ಅವರು ಕಣ್ಣು ಮುಚ್ಚಿ ತೆರೆದರು. "ಪೆಟ್ಟು ತಿಂದ ಹೆಲ್ಮೆಟ್ ಮತ್ತ ಹಾಕಂಗಿಲ್ರಿ. ಮ್ಯಾಲೆ ಕಾಣದಿದ್ರೂ ಒಳಗ ಬಿರುಕು ಬಿಟ್ಟಿರ್ತೈತಿ. ಗಟ್ಟಿ ಐತೋ ಇಲ್ಲೋ ಅಂತ ಕಂಪನಿಯವರು ನೋಡೇ ಮುದ್ರಿ ಒತ್ತಿರ್ತಾರ. ಇಲ್ಲೇ ಒಳಗ ಐತಲ್ಲ, ಓದಲಿಲ್ಲೇನು?"

ಜಗತ್ತನ್ನೇ ಪ್ರಶ್ನಿಸುವ ನಾನು ಹೆಲ್ಮೆಟ್ಟನ್ನು ತಿರುವಿ ನೋಡಿರಲಿಲ್ಲ!

ಬಳ್ಳಾರಿಯ ಅಂಗಡಿ ಬಾಗಿಲು ತೆರೆದು, ಹೊಸವು ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ; ಉಳಿದರ್ಧದಲ್ಲಿ ಸ್ಲ್ಯಾಬ್ ಮುಗಿಯುವುದಿಲ್ಲ. ಎಂಜಿನಿಯರ್ ಕೆಲಸ ನಿಲ್ಲಿಸಿದರು.

"ಕಪ್ ಗೆದ್ದಾಕಿ ನೋಡು!" ಅಕ್ಕ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಇನ್ನ ಒಳ್ಳೇ ದಿನ ಇರೋದು ಮುಂದಿನ ತಿಂಗಳದಾಗ!"

ಹುಲುಗಪ್ಪನವರು ಮಾತ್ರ ಬಲು ಶಾಂತವಾಗಿದ್ದರು. "ಹೋಗ್ಲಿ ಬಿಡವ್ವಾ, ಬೈಬ್ಯಾಡ. ಸಿರಿಗೇರ್ಯಾಗ ಇನ್ನೊಂದು ಸ್ಲ್ಯಾಬ್ ಐತಿ. ಇವತ್ತೇ ಬರ್ರಿ ಅಂತ ಅವರು ಗಂಟು ಬಿದ್ದಿದ್ರು. ಹೆಲ್ಮೆಟ್ಟೂ ತಂದಿಟ್ಟಾರ. ಹೋಳಿಗಿ ಆಗಿದ್ರ ಕಟ್ಟಿಕೊಡು, ಕೆಡಸೋದ್ಯಾಕ?"

ಹತ್ತು ನಿಮಿಷದಲ್ಲಿ ಮಿಕ್ಸರ್, ಆಳುಗಳು, ಹೋಳಿಗೆ ಡಬ್ಬಿ, ಎಲ್ಲವೂ ಸಿರಿಗೇರಿಗೆ ಹೊರಟು ನಿಂತವು.

ಅಂಗಡಿಯವನನ್ನು ಅನುಮಾನಿಸಿದೆ. ಹೆಲ್ಮೆಟ್ ಮಾಡಿದವರನ್ನು ಅನುಮಾನಿಸಿದೆ. ಇಟ್ಟಿಗೆ ಎತ್ತಿ ಕೊಟ್ಟವರನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ! ಟಂಟಂ ಆಟೋ ಹತ್ತುತ್ತಿದ್ದ ಹುಲುಗಪ್ಪನವರ ಹಿಂದೆ ಓಡಿ ಹೋಗಿ ಕೇಳಿದೆ:

"ಮೇಸ್ತ್ರಿ, ನಿಜ ಹೇಳ್ರಿ. ಪೆಟ್ಟು ತಿಂದದ್ದು ಹಾಕಬಾರದು ಅಂತ ನಿಮಗ ನಿನ್ನೇನೇ ಗೊತ್ತಿತ್ತಲ್ಲ?"

"ಅದಕ್ಕ ಸಾಕ್ಷಿ ಐತೇನವ್ವಾ?" ಎಂದು ನಕ್ಕು ಅವರು ಟಂಟಂ ಹತ್ತಿದರು.